ಕಿಟಕಿ ಆರಿಸಿದ ಮುಖಪುಟ

"ಇನ್ನೂ ಸ್ವಲ್ಪ ಕತ್ತು ತಿರುಗಿಸಮ್ಮ. ಹಿಂದೆ ಯಾರೋ ಬರ್ತಿದ್ದಾರೆ ಅನ್ನೋ ಹಾಗೆ," ಎಂದು ಚಿತ್ರಕಾರ ಕುಂಚದ ತುದಿಯಲ್ಲಿ ತೋರಿಸಿದ.

ಅವನ ಅಣ್ಣನ ಮಗಳು ಹೆಗಲಿಗೆ ಹಾಸಿಗೆಯ ಬಿಳಿ ಹೊದಿಕೆ ಸುತ್ತಿಕೊಂಡು ಟೇಬಲ್ ಫ್ಯಾನಿನ ಗಾಳಿಗೆ ಕೂದಲು ಹಾರಿಸುತ್ತಾ ನಿಂತಿದ್ದಳು. ಅವನು ರಹಸ್ಯ, ಭಯ ಬೆರೆಸಿದ ಪ್ರೇಮ ಕಾದಂಬರಿಗಳಿಗೆ ಮುಖಪುಟ ಬರೆಯುವವನು. ಒಳಗಿನ ಕಥೆ ಏನೇ ಇರಲಿ, ಮುಖಪುಟಕ್ಕೆ ಒಂದು ಹಳೆಯ ಬಂಗಲೆ, ಮಹಡಿಯಲ್ಲಿ ಒಂದೇ ಒಂದು ಕಿಟಕಿಗೆ ಬೆಳಕು, ಮುಂದೆ ಕೂದಲು ಬಿಚ್ಚಿಕೊಂಡು ಓಡುವ ಹುಡುಗಿ. ಮಂಜಿನಲ್ಲಿ ತೆಳ್ಳನೆ ಗೌನಿನಲ್ಲಿ ಓಡಿದರೂ ಈ ಹುಡುಗಿಯರಲ್ಲಿ ಒಬ್ಬಳಿಗೂ ನೆಗಡಿಯಾಗುವುದಿಲ್ಲ. ಬೆಳಕಿನ ಕಿಟಕಿ ಇಲ್ಲದ ಚಿತ್ರವನ್ನು ಪ್ರಕಾಶಕ ಮುಟ್ಟುತ್ತಿರಲಿಲ್ಲ.

ತಂದೆ ತಾಯಿ ಇಲ್ಲದ ಹುಡುಗಿ ಈ ಮನೆಯಲ್ಲೇ ಬೆಳೆದು, ಮದುವೆಯಾಗುವ ತನಕ ಎಲ್ಲ ಮುಖಪುಟಗಳಲ್ಲೂ ಓಡಿದ್ದಳು. ಕಳೆದ ತಿಂಗಳು ಬರಿಗೈಯಲ್ಲಿ ಗಂಡನ ಮನೆಯಿಂದ ಬಂದವಳು ಹಿಂದಿರುಗುವ ಮಾತೇ ಎತ್ತಲಿಲ್ಲ. "ಗಂಡ ಹೊಡಿಯಲ್ಲ, ಕುಡಿಯಲ್ಲ. ಇವಳಿಗೆ ಹಾಳು ಕಾದಂಬರಿ ತಲೆಗೇರಿದೆ," ಎಂದು ಚಿತ್ರಕಾರನ ಹೆಂಡತಿ, ಹುಡುಗಿಯ ಚಿಕ್ಕಮ್ಮ, ಮೂಗು ಮುರಿದು ಅಳಿಯನಿಗೆ ಫೋನ್ ಮಾಡಿದ್ದಳು. ಇವತ್ತು ಸಂಜೆ ಅವನು ಕರೆದೊಯ್ಯಲು ಬರುವವನಿದ್ದ. ಚಿತ್ರಕಾರ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಕೆಲಸಕ್ಕೆ ಕೂತಿದ್ದ.

"ಚಿಕ್ಕಪ್ಪ, ಆ ಕಿಟಕಿ ಆರಿಸಿಬಿಡು," ಎಂದಳು ಹುಡುಗಿ.

"ಆರಿಸೋದೇನೇ? ನಮ್ಮ ಅನ್ನ ಇರೋದೇ ಅದರಲ್ಲಿ."

"ಬೆಳಕಿದ್ರೆ ಒಳಗಿರೋನು ಇನ್ನೂ ಎದ್ದಿದ್ದಾನೆ ಅಂತ. ಎದ್ದಿದ್ರೆ ಇವಳು ಹೊರಗೆ ಬರೋಕೆ ಎಲ್ಲಾಗುತ್ತೆ?"

ಚಿತ್ರಕಾರ ನಕ್ಕ. ಅವಳು ನಗಲಿಲ್ಲ.

"ತಿರುಗಿ ನೋಡೋಕೂ ಆಗಲ್ಲ ಚಿಕ್ಕಪ್ಪ. ಚಪ್ಪಲಿ ಕೈಯಲ್ಲಿರುತ್ತೆ. ಗೇಟಿನ ಚಿಲಕ ಬಿಟ್ಟು ಬೇರೇನೂ ಕಾಣಲ್ಲ."

ಚಿತ್ರಕಾರ ಕುಂಚ ಕೆಳಗಿಟ್ಟ. "ನಿನ್ನ ಗಂಡ ನಿನಗೆ ಏನು ಮಾಡ್ತಾನೆ?"

"ಆಫೀಸಿಗೆ ಹೋಗೋವಾಗ ರೂಮಿಗೆ ಹೊರಗಿಂದ ಬೀಗ ಹಾಕ್ತಾನೆ. ರಾತ್ರಿ ಬಾಗಿಲಿಗೆ ಅಡ್ಡ ಕುರ್ಚಿ ಹಾಕ್ಕೊಂಡು ನನ್ನೇ ನೋಡ್ತಾ ಕೂತಿರ್ತಾನೆ. ಕೂಗಾಟ ಇಲ್ಲ, ಏನಿಲ್ಲ. ನಗ್ತಾನೇ ಇರ್ತಾನೆ. ನಾನು ಹೊರಟ ರಾತ್ರಿ ಕೂತಲ್ಲೇ ನಿದ್ದೆ ಹೋಗಿದ್ದ, ಪಕ್ಕದಿಂದ ನುಸುಳಿ ಬಂದೆ."

"ಚಿಕ್ಕಮ್ಮನಿಗೆ ಹೇಳ್ಬೇಕಿತ್ತು."

"ಹೇಳಿದೆ. ಇದು ನಿಮ್ಮ ಚಿಕ್ಕಪ್ಪನ ಪುಸ್ತಕದ ಕಥೆ ಅಂದ್ರು."

ಅವನಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಓಡುವ ಹುಡುಗಿಯರನ್ನೇ ಬರೆದು ಹೊಟ್ಟೆ ಹೊರೆದವನು, ಮನೆಗೇ ಓಡಿಬಂದವಳನ್ನು ಒಂದು ಮಾತು ಕೇಳಿರಲಿಲ್ಲ. ಕಪ್ಪು ನೀಲಿ ಕಲಸಿ ಹಳದಿ ಕಿಟಕಿಯ ಮೇಲೆ ಬಳಿದ. ಬಂಗಲೆ ಯಾವುದೋ ಸಾಮಾನ್ಯ ಮನೆಯಂತೆ ಕಾಣತೊಡಗಿತು.

ಅಳಿಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು ಬಂದ. ಚಿಕ್ಕಮ್ಮ ಸಂಭ್ರಮದಿಂದ ಅವನನ್ನು ಕೂರಿಸಿ ಚಹಾಕ್ಕೆ ಒಳಗೆ ಹೋದಳು. ಹುಡುಗಿ ಚಿತ್ರಕಾರನ ಕೋಣೆಯಿಂದ ಹೊರಗೆ ಬರಲಿಲ್ಲ.

"ಅತ್ತೆ ಫೋನಲ್ಲಿ ಹೇಳಿದ್ರು, ಕಥೆ ಪುಸ್ತಕದ ಹುಚ್ಚು ಅಂತ," ಎಂದು ಅಳಿಯ ನಕ್ಕ. "ಸರಿಹೋಗುತ್ತೆ ಬಿಡಿ ಮಾವ."

"ರೂಮಿಗೆ ಹೊರಗಿಂದ ಬೀಗ ಹಾಕ್ತೀಯಂತೆ, ಹೌದೇನಪ್ಪ?"

"ಹಾಕ್ತೀನಿ ಮಾವ," ಎಂದ ಅಳಿಯ. ಅವನ ನಗು ಹಾಗೇ ಇತ್ತು. "ಅವಳ ಒಳ್ಳೇದಕ್ಕೇ. ಬೀದಿ ಸರಿಯಿಲ್ಲ. ಅವಳಿಗೆ ಏನು ಬೇಕೋ ಎಲ್ಲಾ ಒಳಗೇ ಇಟ್ಟು ಹೋಗ್ತೀನಿ."

ಆ ಮಾತು ಕೇಳಿ ಚಿಕ್ಕಮ್ಮ ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ಅವಳು ಬರಲ್ಲ," ಎಂದ ಚಿತ್ರಕಾರ. ಇನ್ನೊಮ್ಮೆ ಹೇಳಿದ. "ನಮ್ಮ ಹುಡುಗಿ ನಿನ್ನ ಜೊತೆ ಬರಲ್ಲ."

"ಏನ್ ಮಾವ, ನೀವೂ ಶುರು ಹಚ್ಕೊಂಡ್ರಲ್ಲ. ಅತ್ತೆ, ನೀವಾದ್ರೂ ಬುದ್ಧಿ ಹೇಳಿ," ಎನ್ನುತ್ತಾ ಅಳಿಯ ಚಹಾಕ್ಕೆ ಕೈ ನೀಡಿದ.

ಚಿಕ್ಕಮ್ಮ ಆ ಕೈಯನ್ನು ನೋಡಿದಳು. ಚೊಕ್ಕವಾದ ಕೈ, ಒಪ್ಪವಾಗಿ ಕತ್ತರಿಸಿದ ಉಗುರುಗಳು. ಅವಳು ಎದುರಿನ ಕುರ್ಚಿ ಎಳೆದುಕೊಂಡು ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದಿ, ಒಂದೊಂದೇ ಗುಟುಕು ತಾನೇ ಕುಡಿಯತೊಡಗಿದಳು.