ಓಲುಫನ ಕಿಟಕಿ

ಕಾಲುವೆ ದಡದ ನಮ್ಮ ಬಡಾವಣೆ ಕ್ರಿಸ್ತಿಯನ್ಸ್‌ಹಾವ್ನ್‌ನಲ್ಲಿ ಹಾಡಿಲ್ಲದೆ ಯಾರಿಗೂ ಎಪ್ಪತ್ತು ತುಂಬುವುದಿಲ್ಲ. ಗೊತ್ತಿರುವ ಒಂದು ರಾಗಕ್ಕೆ ಆ ಮನುಷ್ಯನ ಬದುಕನ್ನು ಪ್ರಾಸವಿಟ್ಟು ಕೂರಿಸಿ, ಹಾಳೆಗಳನ್ನು ಸುರುಳಿ ಸುತ್ತಿ ಹಂಚಿದರೆ, ಬಂದವರೆಲ್ಲ ಊಟದ ಮೇಜಿನಲ್ಲೇ ಹಾಡುತ್ತಾರೆ. ಕಾಲುವೆಯ ಈ ದಡದಲ್ಲಿ ಮೂವತ್ತೆರಡು ವರ್ಷ ಆ ಪ್ರಾಸ ಕಟ್ಟಿದವಳು ನಿವೃತ್ತ ಶಿಕ್ಷಕಿ ಅಸ್ತಾ ಬ್ರೋಗಾರ್ಡ್. ಪಿಯಾನೊ ನುಡಿಸಿದವನು ನಾನು.

ಈ ವರ್ಷ ಹುಟ್ಟುಹಬ್ಬ ಮನುಷ್ಯನದಲ್ಲ, ಕಟ್ಟಡದ್ದು. ದಡದ ಮೇಲಿನ ಹಳೆಯ ಮನೆ ನೌಕಾಪಡೆಯ ಆಸ್ಪತ್ರೆಯಾಗಿ ಬದಲಾಗಿ ಈಗ್ಗೆ ಇನ್ನೂರೈವತ್ತು ವರ್ಷ. ಮೊದಲು ಬಡ ಹುಡುಗರ ಶಾಲೆ, ಆಮೇಲೆ ಗಾಯಾಳು ನಾವಿಕರ ಹಾಸಿಗೆಗಳು, ಆಮೇಲೆ ನೌಕಾಪಡೆಯ ಕಚೇರಿ. ಅದರ ಚರಿತ್ರೆಯನ್ನು ಆರು ಪದ್ಯಗಳಲ್ಲಿ ಕಟ್ಟಬೇಕೆಂದು ಬೀದಿಯ ಸಂಘ ಕೇಳಿದ್ದು ಮಾಲೇನ ಎಂಬಾಕೆಯನ್ನು. ಮಾಲೇನ ದೇಶದ ಆ ತುದಿಯ ಜಟ್‌ಲಂಡ್‌ನಿಂದ ಬಂದವಳು. ಬಂದು ಮೂರು ವರ್ಷ.

"ಮೂರು ವರ್ಷ ಕಣೋ!" ಎಂದಳು ಅಸ್ತಾ, ಹೆರಿಂಗ್ ಮೀನನ್ನು ಅದು ಇನ್ನೂ ಜೀವಂತವಿದೆಯೇನೋ ಎಂಬಂತೆ ಚುಚ್ಚುತ್ತ. "ಅವಳಿಗೆ ಕಾಲುವೆ ಯಾವ ಕಡೆ ಹರಿಯುತ್ತೆ ಅಂತಾದ್ರೂ ಗೊತ್ತಾ?"

"ಕಾಲುವೆ ಹರಿಯಲ್ಲ ಅಸ್ತಾ. ನಿಂತಿರುತ್ತೆ."

"ನೀನು ಅವಳ ಕಡೆಯವನು ಅಂತ ನಂಗೊತ್ತಿತ್ತು."

ರಾಗ ಕೂರಿಸಲು ಮಾಲೇನ ಹಾಡನ್ನು ನನಗೆ ಮೊದಲೇ ಕೊಟ್ಟಿದ್ದಳು. ಅಸ್ತಾ ಅದನ್ನು ನನ್ನ ಪಿಯಾನೊ ಮೇಲಿಂದ ಎತ್ತಿಕೊಂಡು ಓದಿದಳು. ಒಂದನೆಯ ಪದ್ಯಕ್ಕೆ ಮೂಗು ಮುರಿದಳು, ಎರಡನೆಯದನ್ನು ಎರಡು ಸಲ ಓದಿದಳು. ಮೂರನೆಯದು ಚೆನ್ನಾಗಿತ್ತು, ಅವಳ ಕಿವಿ ಕೆಂಪಾಯಿತು. ನಾಲ್ಕನೆಯದರಲ್ಲಿ ಉಸಿರು ಮರಳಿತು. ವೈದ್ಯರು ಬೇಡವೆಂದರೂ ರೋಗಿಗಳಿಗೆ ಬಿಯರ್ ಕುಡಿಸಿದ ಕುಂಟ ಅಡುಗೆಯವನೊಬ್ಬ ಅಲ್ಲಿದ್ದ:

ಮೂರನೆ ಕಿಟಕಿಗೆ ಹಗ್ಗವ ಕಟ್ಟಿ
ದೋಣಿಯ ಬಿಯರನು ಎಳೆದನು ಓಲುಫ್.

"ಯಾರಪ್ಪ ಈ ಓಲುಫ್?" ಎಂದಳು ಅಸ್ತಾ, ಮೆಲ್ಲಗೆ.

ಮುಂದಿನ ಮೂರು ವಾರ ಅವಳು ದಾಖಲೆ ಭಂಡಾರದಲ್ಲಿ ಕುಳಿತಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದವರ ಪಟ್ಟಿಗಳನ್ನೆಲ್ಲ ಓದಿ, ಇಪ್ಪತ್ತು ವರ್ಷ ಎಳೆಯಳಾಗಿ ಹಿಂದಿರುಗಿದಳು.

"ಇಲ್ಲ! ಕುಂಟನೂ ಇಲ್ಲ, ಓಲುಫೂ ಇಲ್ಲ. ಹಾಡು ಮುಗೀಲಿ, ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳ್ತೀನಿ. ತುಂಬಾ ವಿನಯವಾಗಿ."

"ಈಗ್ಲೇ ಹೇಳಿದ್ರೆ ತಿದ್ಕೋತಾಳಲ್ಲ?"

"ಅದಕ್ಕೇ ಹೇಳಲ್ಲ."

ಭಾನುವಾರ ಮಧ್ಯಾಹ್ನ ಕಟ್ಟಡದ ಕೆಳಗಿನ ಕೋಣೆಯಲ್ಲಿ ಮೇಜುಗಳ ಮೇಲೆ ಪುಟ್ಟ ಬಾವುಟಗಳು ನಿಂತವು, ಸ್ನಾಪ್ಸ್ ಮದ್ಯ ಎರಡು ಸುತ್ತು ಬಂತು, ಹಾಡಿನ ಸುರುಳಿಗಳು ಬಿಚ್ಚಿಕೊಂಡವು. ನಾಲ್ಕನೆಯ ಪದ್ಯಕ್ಕೆ ಜನ ಮೇಜು ಗುದ್ದಿದರು. ಕಾಲುವೆಯಲ್ಲಿ ಐವತ್ತು ವರ್ಷ ದೋಣಿ ನಡೆಸಿದ ವಿಲ್ಲಾಡ್ಸ್ ಕಣ್ಣೊರೆಸಿಕೊಂಡ. "ನಮ್ಮಜ್ಜಿ ಹೇಳ್ತಿದ್ಲು ಕಣ್ರೋ, ಈ ಓಲುಫನ ಕಥೆ. ಎಂಥಾ ಮನುಷ್ಯ!"

ಅಸ್ತಾ ಮೂವತ್ತೆರಡು ವರ್ಷ ಬರೆದಿದ್ದಳು. ಅವಳ ಹಾಡಿಗೆ ಯಾರೂ ಅತ್ತಿರಲಿಲ್ಲ. ಎದ್ದು ನಿಂತಳು, ಕೈಯಲ್ಲಿ ಭಂಡಾರದ ಕಾಗದ.

"ಚೆನ್ನಾಗಿದೆ ಮಾಲೇನ. ಒಂದು ಸಣ್ಣ ಅನುಮಾನ. ಈ ಓಲುಫ್ ನಿಂಗೆ ಎಲ್ಲಿ ಸಿಕ್ಕಿದ?"

ಮಾಲೇನಳ ಮುಖ ಅರಳಿತು. "ಅಯ್ಯೋ, ಯಾರೂ ಕೇಳೋದೇ ಇಲ್ವೇನೋ ಅಂದ್ಕೊಂಡಿದ್ದೆ! ನಿಮ್ಮಿಂದಾನೇ!" ಕೈಚೀಲದಿಂದ ಹಳದಿಯಾದ ಹಾಳೆಯೊಂದನ್ನು ತೆಗೆದಳು. "ನಮ್ಮ ಅಧ್ಯಕ್ಷ ಎಯ್ನರ್ ಅವರ ಅಪ್ಪ ಇಲ್ಲಿ ಗುಮಾಸ್ತರಾಗಿದ್ರಲ್ಲ, ಅವರ ಎಪ್ಪತ್ತಕ್ಕೆ ನೀವು ಬರೆದ ಹಾಡು. ಸಂಘದ ಪೆಟ್ಟಿಗೇಲಿತ್ತು. ಅಸ್ತಾ ಬರೆದಿದ್ದಾರೆ ಅಂದ್ಮೇಲೆ ಇನ್ನೇನು ಹುಡುಕೋದು ಅಂತ ಬಿಟ್ಟುಬಿಟ್ಟೆ."

ಆಗ ನನಗೆ ನೆನಪಾಯಿತು. ಆ ರಾಗದ ಬಾಲ ಎರಡು ಸಾಲು ಉದ್ದ. ಇನ್ನೆರಡು ಸಾಲು ಬೇಕೆಂದು ಹೇಳಿದವನು ನಾನೇ. ಅಸ್ತಾ ನನ್ನ ಪಿಯಾನೊ ಮುಚ್ಚಳದ ಮೇಲೆ ಸೀಸದ ಕಡ್ಡಿಯಿಂದ, ಕಾಫಿ ಆರುವಷ್ಟರಲ್ಲಿ, ಓಲುಫನನ್ನು ಹೆತ್ತಿದ್ದಳು. ಆಮೇಲೆ ಇಬ್ಬರೂ ಮರೆತಿದ್ದೆವು.

ಅಸ್ತಾ ನನ್ನ ಕಡೆ ನೋಡಿದಳು. ನಾನು ಕೀಲಿಮಣೆ ನೋಡಿದೆ. ಓಲುಫ್ ಇಲ್ಲವೆಂದರೆ ಅಸ್ತಾಳೇ ಸುಳ್ಳುಗಾತಿ. ಇದ್ದನೆಂದರೆ ಈ ಚಪ್ಪಾಳೆ, ವಿಲ್ಲಾಡ್ಸನ ಕಣ್ಣೀರು ಎಲ್ಲವೂ ಜಟ್‌ಲಂಡಿನವಳದು. ಅಸ್ತಾ ಹೆತ್ತ ಮಗುವನ್ನು ಪಕ್ಕದ ಮನೆಯವಳು ಸೊಂಟದ ಮೇಲಿಟ್ಟುಕೊಂಡು ಮೆರೆಯುತ್ತಿದ್ದಾಳೆ. ಅದರ ಮುಂದೆ ಸುಳ್ಳೊಂದು ಯಾವ ಲೆಕ್ಕ?

ಅಸ್ತಾ ಭಂಡಾರದ ಕಾಗದವನ್ನು ನಾಲ್ಕಾಗಿ ಮಡಿಚಿ ಅಂಗಿಯ ತೋಳಿನೊಳಗೆ ತುರುಕಿದಳು.

"ಕೊಡಿಲ್ಲಿ," ಎಂದು ಹಳದಿ ಹಾಳೆ ಕಿತ್ತುಕೊಂಡು ಕಣ್ಣಿಗೆ ಹತ್ತಿರ ಹಿಡಿದಳು. "ನಾನು ಬರೆದಿರೋದು ಕೊನೆಯ ಕಿಟಕಿ. ನೀನು ಮೂರನೇದು ಅಂದಿದ್ದೀಯ."

"ಹೌದು, ಅದು... ನನ್ನ ರಾಗಕ್ಕೆ ಒಂದು ಮಾತ್ರೆ ಕಮ್ಮಿ ಬೀಳ್ತಿತ್ತು," ಎಂದಳು ಮಾಲೇನ, ಮೊದಲ ಬಾರಿಗೆ ಕೆಂಪಾಗಿ.

"ನೋಡಮ್ಮ," ಎಂದಳು ಅಸ್ತಾ, ಇಡೀ ಕೋಣೆಗೆ ಕೇಳುವಂತೆ, "ಮಾತ್ರೆಗೋಸ್ಕರ ಇತಿಹಾಸ ತಿದ್ದಬಾರದು."

ವಿಲ್ಲಾಡ್ಸ್ ತಲೆದೂಗಿದ. ಅವನ ಅಜ್ಜಿ ಹೇಳಿದ್ದೂ ಕೊನೆಯ ಕಿಟಕಿಯನ್ನೇ ಅಂತೆ. ಎಯ್ನರ್ ಎದ್ದು ತಿದ್ದುಪಡಿಯೊಂದಿಗೆ ಇನ್ನೊಮ್ಮೆ ಹಾಡಿಸಿದ. ಒಂದು ಮಾತ್ರೆ ಎಡವಿತು, ಯಾರಿಗೂ ಬೇಸರವಾಗಲಿಲ್ಲ. ಎಲ್ಲರಿಗಿಂತ ಜೋರಾಗಿ ಹಾಡಿದವಳು ಅಸ್ತಾ.

ಈಗ ಪ್ರವಾಸಿ ದೋಣಿಗಳು ಕೊನೆಯ ಕಿಟಕಿಯ ಕೆಳಗೆ ನಿಧಾನಿಸುತ್ತವೆ. ಅಸ್ತಾ ದಡದ ಬೆಂಚಿನಲ್ಲಿ ಕುಳಿತು, ಕುಂಟಿದ್ದು ಯಾವ ಕಾಲು ಎಂದು ಯಾರಾದರೂ ತಪ್ಪು ಹೇಳುತ್ತಾರೇನೋ ಎಂದು ಕಾಯುತ್ತಿರುತ್ತಾಳೆ.