ಎತ್ತಿದ ಕೈ

ಶಿವಕಾಂತಾ ಅಪ್ಪನ ಬಲಗೈಯನ್ನು ಹಿಡಿದು ಮತ್ತೊಮ್ಮೆ ತೊಡೆಯ ಮೇಲಿಟ್ಟಳು. ಅದು ಮತ್ತೆ ಜಾರಿ ಪಕ್ಕಕ್ಕೆ ಬಿತ್ತು. ಪಡಸಾಲೆಯ ಗೋಡೆಗೆ ಆನಿಸಿ ಪದ್ಮಾಸನದಲ್ಲಿ ಕೂರಿಸಿದ್ದ ಬಂಡೆಪ್ಪನ ಹಣೆಗೆ ವಿಭೂತಿ ಬಳಿದಾಗಿತ್ತು, ಎಡಗೈಯಲ್ಲಿ ಇಷ್ಟಲಿಂಗ ಇಟ್ಟಾಗಿತ್ತು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಯಾಗಿತ್ತು. ಈ ಬಲಗೈ ಒಂದೇ ಯಾರ ಮಾತನ್ನೂ ಕೇಳಲೊಲ್ಲದು.

“ಬಟ್ಟಿಲೆ ಕಟ್ಟಿಬಿಡೋಣ ತಾಯಿ,” ಅಂದಳು ಪಕ್ಕದ ಮನೆಯ ಬಾಲಮಣಿ. “ಹೊತ್ತಾಗಲತ್ತದ.”

“ಬ್ಯಾಡ್ರಿ ಅತ್ತಿ. ಬೇಕಾದ್ದು ಕಟ್ರಿ, ಆ ಕೈ ಮಾತ್ರ ಕಟ್ಟಬ್ಯಾಡ್ರಿ.”

ಅಂದದ್ದೇ ತಡ, ಅವಳಿಗೆ ದುಃಖ ಉಕ್ಕಿ ಬಂತು. ಆ ಕೈಯ ಬಗ್ಗೆ ಈ ಜಹೀರಾಬಾದಿನ ಜನ ಆಡಿದ ಮಾತು ಒಂದೇ ಎರಡೇ! ಬದುಕಿದ್ದಾಗ ಆಡಿದ್ದು ಸಾಲದೆಂದು ಇವತ್ತೂ ಅಂಗಳದ ಶಾಮಿಯಾನದ ಕೆಳಗೆ ಅದೇ ಪುರಾಣ ನಡೆದಿತ್ತು. ಒಳಗೆ ಸತ್ತ ಮನುಷ್ಯ ಕೂತಿದ್ದಾನೆ, ಹೊರಗೆ ಇವರಿಗೆ ಫುಟ್‌ಬಾಲು!

“ಹೋದವರ ಬಗ್ಗೆ ನಾ ಕೆಟ್ಟ ಮಾತಾಡಂಗಿಲ್ಲ,” ಎಂದು ಶುರುಮಾಡಿ ಅದನ್ನೇ ಆಡುತ್ತಿದ್ದ ಚಹಾದಂಗಡಿಯ ಮಾಣಿಕ. ಊರಿನ ತಂಡ ಎಲ್ಲಿ ಆಡಿದರೂ ಬೆನ್ನಿಗೆ ಹೋಗಿ, ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುವ ಆಸಾಮಿ ಅವನು. “ಆದ್ರ ಗೋಲ್ ಅಂದ್ರ ಗೋಲ್. ಬಾಲ್ ಸೀದಾ ಹೋಗಿ ಬಲಿಯಾಗ ಬಿದ್ದದ. ನನ್ನ ಕಣ್ಣಿಲೆ ನೋಡೀನಿ. ಅದಕ್ಕ ಅಲ್ಲ ಅಂದ್ರ ಹ್ಯಾಂಗ?”

“ಕೈ ಎತ್ತಿದ್ರಲ್ಲಪ್ಪ ಬಂಡೆಪ್ಪನವರು,” ಅಂದ ಎದುರು ಮನೆಯ ರಾಮುಲು.

“ಎಲ್ಲಿ ಎತ್ತಿದ್ರು? ಗೋಲ್ ಬಿದ್ದ ಮ್ಯಾಲ ಎತ್ತಿದ್ರು. ತಾಂಡೂರಿನವರಿಗಿ ಉಳಸ್ಲಿಕ್ಕ!”

“ಮೊದ್ಲೇ ಎತ್ತಿದ್ರು ಮಾರಾಯ. ಆದ್ರ ಅದು ಜೈ ತೆಲಂಗಾಣ ಅನ್ಲಿಕ್ಕ ಎತ್ತಿದ್ದು. ಜನ ಎಲ್ಲ ಒದರ್ಲತ್ತಿದ್ರು, ಅವರೂ ಎತ್ತಿದ್ರು. ಅದರಾಗ ಆಟದ ಮಾತು ಎಲ್ಲಿಂದ ಬಂತು?”

“ಖಾಲಿಪೀಲಿ ಮಾತಾಡಬ್ಯಾಡ. ಬೀಗರ ಊರಿಗಿ ಕಪ್ ಉಡುಗೊರಿ ಕೊಟ್ರು, ಮುಗೀತು.”

ಉಡುಗೊರೆ ಎಂಬ ಮಾತು ಒಳಗೆ ಕೂತವಳ ಕಿವಿಗೆ ಕಾದ ಎಣ್ಣೆಯ ಹಾಗೆ ಬಿತ್ತು. ಆ ಬೀಗರ ಊರಿನ ಸೊಸೆ ಅವಳೇ ತಾನೆ. ಊರಿನ ತಂಡ ಸೋತು ಎರಡು ವರ್ಷವಾಗುತ್ತ ಬಂದಿತ್ತು. ಇವರಿಗೆ ಇನ್ನೂ ನಿನ್ನೆ ಸಂಜೆ ಸೋತ ಹಾಗೆ.

*

ಆ ಸೀಮೆಯಲ್ಲಿ ಹಸಿ ಶುಂಠಿಗೆ ಅಲ್ಲ ಅನ್ನುತ್ತಾರೆ. ಬಂಡೆಪ್ಪನದು ಅಲ್ಲದ ವ್ಯಾಪಾರ. ಹಗಲೆಲ್ಲ ದುಕಾನಿನಲ್ಲಿ ಕೂತು ಅಲ್ಲ ಮಾರುವುದು, ಸಂಜೆಗೆ ಸೀಟಿ ಕೊರಳಿಗೆ ಹಾಕಿಕೊಂಡು ರೆಫ್ರಿಯಾಗಿ ಮೈದಾನಕ್ಕೆ ಹೋಗಿ ‘ಫೌಲ್ ಅಲ್ಲ’, ‘ಗೋಲ್ ಅಲ್ಲ’ ಅನ್ನುವುದು. ಸ್ವಂತ ಹೆಂಡತಿಯ ತಮ್ಮ ಬಂದು ಕಾಲು ಹಿಡಿದರೂ ಅಲ್ಲದ್ದು ಅಲ್ಲವೇ. ಹೀಗಾಗಿ ಊರ ಹುಡುಗರು ಅವನಿಗೆ ‘ಅಲ್ಲದ ಬಂಡೆಪ್ಪ’ ಎಂದು ಹೆಸರಿಟ್ಟಿದ್ದರು. ‘ಅಲ್ಲ ಮಾರೋದ್ರಾಗೂ ಎತ್ತಿದ ಕೈ, ಅಲ್ಲ ಅನ್ನೋದ್ರಾಗೂ ಎತ್ತಿದ ಕೈ’ ಎಂದು ಚೇಷ್ಟೆ ಮಾಡಿದರೆ ಬಂಡೆಪ್ಪ ಮೀಸೆಯೊಳಗೇ ನಗುತ್ತಿದ್ದ. ಬೈದವರ ಹುಡುಗರನ್ನೇ ಮರುದಿನ ಕರೆದು ಚೆಂಡು ಒದೆಯುವುದನ್ನು ಕಲಿಸುತ್ತಿದ್ದ. ಅಂಥ ಮನುಷ್ಯ.

ಅವನು ಅಂಗಳದಲ್ಲಿ ಕೈ ಎತ್ತಿ ನಿಲ್ಲುವುದನ್ನು ಶಿವಕಾಂತಾ ಚಿಕ್ಕಂದಿನಿಂದ ನೋಡಿದ್ದಳು. ಕೆಲವು ತಪ್ಪಿಗೆ ಕೊಡುವ ಒದೆತವನ್ನು ನೇರ ಗೋಲಿಗೆ ಹೊಡೆಯುವಂತಿಲ್ಲ. ಒಬ್ಬ ಒದ್ದ ಮೇಲೆ ಇನ್ನೊಬ್ಬ ಮುಟ್ಟಬೇಕು. ಅದರ ಗುರುತಿಗೆ ರೆಫ್ರಿ ಬಲಗೈ ಮೇಲೆತ್ತಿ ನಿಲ್ಲುತ್ತಾನೆ.

“ಇನ್ನೊಬ್ಬ ಮುಟ್ಟೋತನಕ ಈ ಕೈ ಇಳಸಬಾರದು ಮಗಳೆ.”

“ಯಾರೂ ಮುಟ್ಟಲೇ ಇಲ್ಲಂದ್ರ?”

“ಅಲ್ಲೀತನಕ ನಿಂದ್ರೋದೇ.”

ಅದೇ ಮನೆಯ ಆಟವಾಯಿತು. ದೊಡ್ಡಪ್ಪ, ದೊಡ್ಡವ್ವ ತೀರಿಕೊಂಡ ಮೇಲೆ ಅವರ ಮಗ ಸಂಗು ಇವರ ಮನೆಯಲ್ಲೇ ಬೆಳೆದಿದ್ದ. ಅಪ್ಪ ಕೈ ಎತ್ತುವುದು, ಸಂಗು ಚೆಂಡು ಒದೆಯುವುದು, ಶಿವಕಾಂತಾ ಓಡಿಹೋಗಿ ಅದಕ್ಕೆ ಕಾಲು ತಾಗಿಸುವುದು, ಆಗ ಅಪ್ಪನ ಕೈ ಇಳಿಯುವುದು. ಒಮ್ಮೊಮ್ಮೆ ಅವಳು ಬೇಕಂತಲೇ ಕದಲದೆ ನಿಂತುಬಿಡುತ್ತಿದ್ದಳು. ಅಪ್ಪ ಎತ್ತಿದ ಕೈ ಇಳಿಸದೆ ಅಂಗಳದ ತುಂಬ ಅವಳ ಬೆನ್ನು ಹತ್ತುತ್ತಿದ್ದ: “ಮುಟ್ಟ ನನ್ನವ್ವ, ಕೈ ಸೋತು ಬಂತು!” ಸಂಗು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಆ ಸಂಗು ಬೆಳೆದು ಊರಿನ ತಂಡದ ಮುಂದಾಳಾದ. ಸುತ್ತ ಎಲ್ಲೆಲ್ಲೂ ಪ್ರತ್ಯೇಕ ತೆಲಂಗಾಣದ ಕಿಚ್ಚು ಹೊತ್ತಿದ ಚಳಿಗಾಲ. ಸಂಕ್ರಾಂತಿಗೆ ನಾರಾಯಣಖೇಡದಲ್ಲಿ ಜಹೀರಾಬಾದಿಗೂ ತಾಂಡೂರಿಗೂ ಫೈನಲ್ ಆಟ. ಬೀದರಿನಿಂದ ಬರಬೇಕಿದ್ದ ರೆಫ್ರಿ ದಾರಿಯಲ್ಲಿ ಬಂದ್‌ಗೆ ಸಿಕ್ಕಿಬಿದ್ದ. ಬಂಡೆಪ್ಪನವರೇ ಸೀಟಿ ಊದಲಿ ಎಂದು ಎರಡೂ ಊರಿನವರು ಅಂದರು. ಬಂಡೆಪ್ಪ ಒಲ್ಲೆ ಅಂದ. ಮಗಳನ್ನು ತಾಂಡೂರಿಗೆ ಕೊಡುವುದೆಂದು ಆಗಷ್ಟೇ ನಿಶ್ಚಯವಾಗಿತ್ತು. ನಾಳೆ ಮಾತು ಬರುತ್ತದೆ ಎಂಬ ಅಂಜಿಕೆ. ಒತ್ತಾಯ ಮಾಡಿ ಅವನನ್ನು ಮೈದಾನಕ್ಕೆ ನೂಕಿದವನು ಬೇರೆ ಯಾರೂ ಅಲ್ಲ, ಈ ಮಾಣಿಕನೇ. “ನೀವು ಊದ್ರಿ, ನಾವೇನ್ ಅನ್ನಂಗಿಲ್ಲ,” ಅಂದಿದ್ದ. ಆಹಾ, ಏನು ಮಾತು!

ತಾಂಡೂರು ಒಂದು ಗೋಲು ಮುಂದಿತ್ತು. ಆಟ ಮುಗಿಯುತ್ತ ಬಂದಾಗ ತಾಂಡೂರಿನ ಗೋಲ್‌ಕೀಪರ್ ಮೊಗಲಪ್ಪ, ತನ್ನವನೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿದುಬಿಟ್ಟ. ಅದು ತಪ್ಪು; ಅದಕ್ಕೆ ಸಿಗುವುದು ನೇರ ಗೋಲಿಗೆ ಹೊಡೆಯಬಾರದ ಒದೆತ. ಬಂಡೆಪ್ಪ ಸೀಟಿ ಊದಿ, ಗೋಲಿನ ಹತ್ತಿರವೇ ಜಹೀರಾಬಾದಿಗೆ ಒದೆತ ಕೊಟ್ಟ. ಜನ ‘ಜೈ ತೆಲಂಗಾಣ’ ಎಂದು ಮುಗಿಲು ಹರಿಯುವಂತೆ ಒದರಿದರು. ಸಂಗು ಓಡಿಬಂದು ಸೀದಾ ಗೋಲಿಗೇ ಒದ್ದ. ಚೆಂಡು ಬಲೆಯಲ್ಲಿ. ಜಹೀರಾಬಾದಿನವರು ಒಬ್ಬರನ್ನೊಬ್ಬರು ಎತ್ತಿ ಕುಣಿದರು. ಬಂಡೆಪ್ಪ ತಲೆ ಅಲ್ಲಾಡಿಸಿದ: “ಅಲ್ಲ.”

ಕೈ ಎತ್ತಿದ್ದನೋ, ಎತ್ತಿರಲಿಲ್ಲವೋ? ಎಲ್ಲರೂ ಓಡಿಬಂದು ಕೇಳಿದ್ದು ಸಂಗುವನ್ನು. ಹತ್ತಿರ ಇದ್ದವನು ಅವನೇ, ಬಂಡೆಪ್ಪನ ಮನೆಯ ಅನ್ನ ಉಂಡವನೂ ಅವನೇ. ಸೋಲಿನ ಉರಿಯಲ್ಲಿ ಅವನು, “ನಾ ಒದಿಯೋಮುಂದ ಕಾಕಾ ಕೈ ಎತ್ತಿದ್ದೇ ಇಲ್ಲ,” ಅಂದುಬಿಟ್ಟ. ಅಂದವನು ಮನೆಗೆ ಬರಲಿಲ್ಲ. ನಾರಾಯಣಖೇಡದ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ ಹಿಡಿದು ಅಲ್ಲೇ ಉಳಿದುಬಿಟ್ಟ.

*

ಬೀದಿಯಲ್ಲಿ ಟ್ರ್ಯಾಕ್ಟರ್ ಬಂದು ನಿಂತಿತು. ತೆಲಂಗಾಣಕ್ಕಾಗಿ ಊರಿಗೂರೇ ಮುಷ್ಕರ ಕೂತಿದ್ದ ದಿನಗಳು. ಬಸ್ಸುಗಳು ಡಿಪೋ ಬಿಟ್ಟು ಹೊರಬಿದ್ದಿರಲಿಲ್ಲ. ಹೊಲದ ದಾರಿಯಲ್ಲಿ ಧೂಳು ಕುಡಿದುಕೊಂಡು ಬಂದ ತಾಂಡೂರಿನ ಆಟಗಾರರು ಕೈಯಲ್ಲಿ ಮಾಲೆ ಹಿಡಿದು ಇಳಿದರು. ಮುಂದೆ ಮೊಗಲಪ್ಪ.

“ಬಂದ್ರು ನೋಡ್ರಿ ಕಪ್ಪಿನ ಮಾಲಕರು,” ಅಂದ ಮಾಣಿಕ.

ಮೊಗಲಪ್ಪ ಒಳಗೆ ಹೋಗಿ ಮಾಲೆ ಹಾಕಿ, ನೆಲಕ್ಕೆ ಹಣೆ ಹಚ್ಚಿ ಹೊರಗೆ ಬಂದ. “ಮಾಣಿಕಣ್ಣ, ಇವತ್ತರೇ ಬಿಡ್ರಿ. ಆ ಮನುಷ್ಯಾ ಕೈ ಎತ್ತಿದ್ರು. ನನ್ನ ಎದುರೇ ಇದ್ರು, ನಾ ನೋಡೀನಿ.”

“ನೀ ಗೆದ್ದವ. ನೀ ಹಂಗೇ ಅನ್ತಿ.”

“ಮತ್ತ ಯಾರು ಹೇಳಿದ್ರ ನಂಬ್ತೀರಿ ಕಾಕಾ?”

ಕೇಳಿದವಳು ಹೊಸ್ತಿಲಲ್ಲಿ ನಿಂತಿದ್ದ ಶಿವಕಾಂತಾ. ಮಾಣಿಕ ಚಹಾದ ಬಸಿಯನ್ನು ಕೆಳಗಿಟ್ಟ. ಕೆಟ್ಟ ಮನುಷ್ಯನೇನಲ್ಲ ಅವನು; ಬೆಳಿಗ್ಗೆಯಿಂದ ಬಂದವರಿಗೆಲ್ಲ ಚಹಾ ಕಾಸಿ ಕೊಡುತ್ತಿದ್ದವನೂ ಅವನೇ.

“ನಾ ಅಂದದ್ದಲ್ಲ ತಾಯಿ,” ಅಂದ ತಲೆ ತಗ್ಗಿಸಿ. “ಸಂಗು ಅಂದಾನ. ನಿಮ್ಮಪ್ಪನ ಕೈಯಾಗ ಬೆಳೆದ ಹುಡುಗ. ಅವ ಯಾಕ ಸುಳ್ಳು ಹೇಳ್ತಾನ, ನೀನೇ ಹೇಳು.”

ಶಿವಕಾಂತಾಳ ತುದಿನಾಲಿಗೆಗೆ ಬಂದಿತ್ತು ಉತ್ತರ. ಅದನ್ನು ಹಾಗೇ ನುಂಗಿಕೊಂಡು ಒಳಗೆ ಹೋದಳು. ಅಪ್ಪನಿಗೆ ಕೊಟ್ಟ ಮಾತೊಂದಿತ್ತು.

*

ಮದುವೆಯಾಗಿ ಮೊದಲ ಸಲ ತವರಿಗೆ ಬಂದಾಗ ಅವಳು ಅಪ್ಪನ ಮುಂದೆ ಕೂತು ಅತ್ತಿದ್ದಳು. ತಾಂಡೂರಿನಲ್ಲಿ ಅವಳನ್ನು ಎಲ್ಲರೂ ‘ಕಪ್ ತಂದ ಸೊಸಿ’ ಅನ್ನುತ್ತಿದ್ದರು. ಅವರದು ನಗೆಚಾಟಿಕೆ, ಅವಳಿಗೆ ಅದು ಬೈಗುಳ.

“ಕೈ ಎತ್ತಿದ್ದಿ ಹೌದಿಲ್ಲಪ್ಪ? ಮಂದಿಗಿ ಹೇಳಬಾರದ?”

ಬಂಡೆಪ್ಪ ಅಲ್ಲದ ಗಡ್ಡೆಗೆ ಅಂಟಿದ ಮಣ್ಣು ಉಜ್ಜುತ್ತಿದ್ದ. ಕೆಲಸ ನಿಲ್ಲಿಸಲಿಲ್ಲ. “ಹೇಳಿದ್ರ ಏನಾಗ್ತದ? ಸಂಗು ಸುಳ್ಳ ಅಂತಾಗ್ತದ. ಸೋತು ಬಂದ ಹುಡುಗ, ಬಾಯಿಗಿ ಬಂದದ್ದು ಅಂದಾನ. ನಾಳಿ ಅವ ಊರಾಗ ತಲಿ ಎತ್ತಿ ಹ್ಯಾಂಗ ತಿರುಗ್ಯಾನು?”

“ನೀ ಹ್ಯಾಂಗ ತಿರುಗ್ತಿ?”

“ನನಗೇನಾಗ್ಯಾದ? ರೆಫ್ರಿಗಿ ಬೈಗಳ ಹೊಸದೇನಲ್ಲ.” ಅಪ್ಪ ನಕ್ಕ. ಆಮೇಲೆ ನಗು ನಿಂತಿತು. “ನೀನೂ ಅನ್ನಬ್ಯಾಡ ಮಗಳೆ. ಅವ ಬಂದು ತಾನೇ ಹೇಳಲಿ. ಹೇಳ್ತಾನ. ನಮ್ಮ ಹುಡುಗ ಅವ.”

ಹಬ್ಬ ಬಂದಾಗೆಲ್ಲ ಬಂಡೆಪ್ಪ ಸಂಗುವಿನ ಹೆಸರಿನಲ್ಲಿ ಒಂದು ಎಲೆ ಹಾಕಿಸಿ, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ, ಆಮೇಲೆ ಊಟಕ್ಕೆ ಕೂರುತ್ತಿದ್ದ. ಸಂಗು ಬರಲಿಲ್ಲ. ಬಂಡೆಪ್ಪನ ಎದೆ ನಿನ್ನೆ ಮುಂಜಾನೆ ದುಕಾನಿನ ಬಾಗಿಲು ತೆಗೆಯುವಾಗಲೇ ನಿಂತುಹೋಯಿತು.

*

ಅವ್ವ ಶಕುಂತಲಾಬಾಯಿ ಬಂದು ಗಂಡನ ಬಲಗೈ ತೊಡೆಯ ಮೇಲಿಟ್ಟು, ಅದರ ಮೇಲೆ ತನ್ನ ಕೈ ಇಟ್ಟು ಸುಮ್ಮನೆ ಕೂತಳು. ಆಗ ಅದು ನಿಂತಿತು.

“ಮಗನ ಜಾಗದಾಗ ಯಾರು ನಿಂದರ್ತೀರಿ?” ಎಂದು ಕ್ರಿಯೆ ಮಾಡಿಸುವ ಅಯ್ಯನವರು ಕೇಳಿದರು.

“ಸಂಗು ಬರ್ತಾನ,” ಅಂದಳು ಶಕುಂತಲಾಬಾಯಿ. “ಬರದೇ ಎಲ್ಲಿ ಹೋಗ್ತಾನ?”

ಹೂವು ಕಟ್ಟಿದ ವಿಮಾನದಲ್ಲಿ ಬಂಡೆಪ್ಪನನ್ನು ಕೂರಿಸಿ ಹೊತ್ತರು. ದೊಡ್ಡ ರಸ್ತೆಯಲ್ಲಿ ಮುಷ್ಕರದವರು ಒಲೆ ಹೂಡಿ ಅಡುಗೆ ಮಾಡುತ್ತ ಕೂತಿದ್ದರು. ಒಂದು ಗಾಡಿಗೂ ದಾರಿ ಬಿಡದ ಆ ಮಂದಿ ತಾವೇ ಎದ್ದು, ಪಾತ್ರೆಗಳನ್ನು ಸರಿಸಿ, ಟೊಪ್ಪಿಗೆ ತೆಗೆದು ನಿಂತರು. “ನಮ್ಮ ಅಲ್ಲದ ಬಂಡೆಪ್ಪ ಕೂತು ಹೊಂಟಾನ ನೋಡ್ರಿ, ಮ್ಯಾಚ್ ನೋಡ್ಲಿಕ್ಕ ಹೊಂಟಂಗ,” ಎಂದು ಮುದುಕನೊಬ್ಬ ಕಣ್ಣು ಒರೆಸಿಕೊಂಡ. ಬೈದ ಊರೇ, ಆದರೂ ಊರೆಲ್ಲ ಬಂದಿತ್ತು. ಅದನ್ನು ಕಂಡು ಶಿವಕಾಂತಾಳಿಗೆ ಸಿಟ್ಟೂ ಬಂತು, ಹೆಮ್ಮೆಯೂ ಆಯಿತು.

ಕುಣಿಯ ಹತ್ತಿರ ಬಂದವರು ನಿಂತಲ್ಲೇ ನಿಂತರು. ಒಳಗೆ ಸಲಿಕೆ ಹಿಡಿದು ನಿಂತಿದ್ದವನು ಸಂಗು. ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣು. ಸುದ್ದಿ ಕೇಳಿ ನಾರಾಯಣಖೇಡದಿಂದ ಬಂದವನು ಮನೆಗೆ ಬರುವ ಮುಖವಿಲ್ಲದೆ ಸೀದಾ ಇಲ್ಲಿಗೇ ಬಂದು, ಕುಣಿ ತೋಡುವವರ ಕೈಯಿಂದ ಸಲಿಕೆ ಇಸಿದುಕೊಂಡು ತಾನೇ ತೋಡಿದ್ದ. ಬಂಡೆಪ್ಪನನ್ನು ಇಳಿಸಿದಾಗ ಎರಡು ತೋಳಲ್ಲಿ ತಬ್ಬಿ ಹಿಡಿದು, ಕೂರಿಸಿ, ಬಿಲ್ವಪತ್ರೆ ಸರಿಮಾಡಿ ಮೇಲೆ ಬಂದ.

“ಬಂದಿ?” ಅಂದಳು ಶಕುಂತಲಾಬಾಯಿ.

“ಬಂದೆ ಚಿಗವ್ವ,” ಅಂದ.

“ಮೊದಲ ಮಣ್ಣು ಮಗಂದು,” ಅಂದರು ಅಯ್ಯನವರು.

ಸಂಗು ಎಡಗೈಯಲ್ಲಿ ಹಿಡಿ ಮಣ್ಣು ತೆಗೆದುಕೊಂಡ. ಬಲಗೈಯನ್ನು ನೆಟ್ಟಗೆ ಮೇಲೆತ್ತಿದ.

“ಜೈ ತೆಲಂಗಾಣ!” ಹಿಂದಿನಿಂದ ಯಾರೋ ಕೂಗಿದರು. ಮತ್ತೆ ನಾಲ್ಕಾರು ಗಂಟಲು ಜೊತೆಗೂಡಿದವು. ಸಂಗು ಮುಷ್ಟಿ ಕಟ್ಟಲಿಲ್ಲ, ಬಾಯಿ ಬಿಡಲಿಲ್ಲ. ಕೂಗು ತಾನಾಗಿ ಅಡಗಿತು. ಅವನು ಎಡಗೈಯ ಮಣ್ಣನ್ನು ಬಂಡೆಪ್ಪನ ಮಡಿಲಿಗೆ ಬಿಟ್ಟ. ಬಲಗೈ ಮೇಲೆಯೇ ಇತ್ತು.

“ಎಡಗೈಲೆ ಹಾಕ್ತಾರೇನಪ್ಪ? ಆ ಕೈ ಇಳಸು,” ಅಂದರು ಅಯ್ಯನವರು.

“ಇಳಸ್ಲಿಕ್ಕ ಬರಂಗಿಲ್ರಿ ಅಯ್ನೋರ. ಇನ್ನೊಬ್ಬರು ಮುಟ್ಟೋತನಕ ಇಳಸಬಾರದು. ಕಾಕಾ ಕಲಿಸ್ಯಾನ.” ಸಂಗು ಮಂದಿಯ ಕಡೆ ತಿರುಗಿದ. “ಅವತ್ತೂ ಹಿಂಗೇ ಎತ್ತಿದ್ದ.”

ಮಾಣಿಕ ಮಂದಿಯನ್ನು ಸರಿಸಿಕೊಂಡು ಮುಂದೆ ಬಂದ. “ಎತ್ತಿದ್ರು?”

“ಎತ್ತಿದ್ದ ಮಾಣಿಕಣ್ಣ. ನಾ ನೋಡಿ, ತಿಳಿದೂ ಒದ್ದೆ. ಮಂದಿ ಒದರೋದು ಕೇಳಿ ಮೈಮ್ಯಾಲೆ ಖಬರ್ ಇದ್ದಿಲ್ಲ.”

ಮಾಣಿಕ ಹೆಗಲ ಟವೆಲನ್ನು ಮುಖಕ್ಕೆ ಒತ್ತಿಕೊಂಡ. ಎಂದೂ ಗಂಟಲು ತಗ್ಗಿಸದ ಮನುಷ್ಯ ಸದ್ದಿಲ್ಲದೆ ಅತ್ತ. ಮೊಗಲಪ್ಪ ಮಣ್ಣು ಹಾಕಲು ಬಗ್ಗಿದ. ಶಕುಂತಲಾಬಾಯಿ ಅಡ್ಡ ಕೈ ಮಾಡಿ ತಡೆದು, ಮಗಳ ಕಡೆ ನೋಡಿದಳು.

ಶಿವಕಾಂತಾ ಕದಲಲಿಲ್ಲ. ನಿಲ್ಲಲಿ ಅನ್ನಿಸಿತು. ಅಪ್ಪ ಬಾಗಿಲು ನೋಡುತ್ತ ಕೂತದ್ದಕ್ಕೆ ಇವನೂ ಒಂದಿಷ್ಟು ನಿಲ್ಲಲಿ. ಸಂಗು ನಿಂತೇ ಇದ್ದ. ರಾತ್ರಿಯಿಡೀ ಪ್ರಯಾಣ, ಬೆಳಗಿನಿಂದ ಸಲಿಕೆ. ಎತ್ತಿದ ತೋಳು ನಡುಗತೊಡಗಿತು. ಇಳಿಸಲಿಲ್ಲ. ಕೆಳಗೆ ಅಪ್ಪ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಿದ್ದ.

ಮುಟ್ಟ ನನ್ನವ್ವ, ಕೈ ಸೋತು ಬಂತು.

ಅವಳು ಬಗ್ಗಿ ಹಿಡಿ ಮಣ್ಣು ತೆಗೆದು, ಸಂಗು ಹಾಕಿದ ಮಣ್ಣಿನ ಮೇಲೆಯೇ ಬಿಟ್ಟಳು. ಸಂಗುವಿನ ಕೈ ಇಳಿಯಿತು.