ಕಾರೈಕಾಲು ನಮ್ಮದಾದ ಮೇಲೆ

ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗು ಹಚ್ಚುವ ನನಗೂ ಪ್ಯಾರಿಸ್ಸಿನ ಪಾರ್ಲಿಮೆಂಟಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನನ್ನ ಗಂಡ ಇದ್ರೀಸ್‌ನೇ ಸಂಬಂಧ. ಪಾಂಡಿಚೇರಿಯಂತೆ ಫ್ರೆಂಚರ ಕೈಲಿದ್ದ ಕಾರೈಕಾಲಿನವನು, ಫ್ರೆಂಚ್ ಸೈನ್ಯದ ಸಿಪಾಯಿ. ಮದುವೆಯಾದ ವರ್ಷವೇ ಹಡಗು ಹತ್ತಿ ಹೋದ. ಐವತ್ತನಾಲ್ಕರಲ್ಲಿ ಕಾರೈಕಾಲಿನಲ್ಲಿ ನಮ್ಮ ಬಾವುಟ ಹಾರಿತು. ‘ಊರು ಬಿಟ್ಟುಕೊಡುವ ಒಪ್ಪಂದ ಪಾಸಾಗಲಿ, ಯಾವ ದೇಶ ಬೇಕೆಂದು ನಮ್ಮನ್ನೇ ಕೇಳುತ್ತಾರೆ, ಆಗ ಬರುತ್ತೇನೆ’ ಎಂದು ಫ್ರಾನ್ಸಿನ ಮಾರ್ಸೇಲಿನಿಂದ ಬರೆದ. ಆಮೇಲೆ ಕಾಗದವೂ ನಿಂತಿತು.

ಒಪ್ಪಂದಕ್ಕೆ ಸಹಿ ಬಿದ್ದದ್ದು ಐವತ್ತಾರರಲ್ಲಿ. ಸಹಿ ಸಾಲದಂತೆ, ಅವರ ಎರಡು ಸಭೆಗಳೂ ಕೈ ಎತ್ತಬೇಕಂತೆ. ಕೈ ಎತ್ತಲು ಆರು ವರ್ಷವೇ, ಹಾಳಾದವರಿಗೆ! ಪಕ್ಕದ ಮನೆಯ ನಂಜುಂಡಯ್ಯ ಮೇಷ್ಟ್ರು ಪೇಪರ್ ಓದಿ ಹೇಳುತ್ತಿದ್ದರು. ಗಂಡ ಕಾರೈಕಾಲಿನವನು ಎಂದಷ್ಟೇ ಅವರಿಗೆ ಹೇಳಿದ್ದೆ. ಸಮುದ್ರ ದಾಟಿ ಹೋಗಿ ಕಾಗದ ಹಾಕದ ಗಂಡನ ಸುದ್ದಿಯನ್ನು ಯಾವ ಬಾಯಲ್ಲಿ ಹೇಳಲಿ?

ಅರವತ್ತೆರಡರ ಆಗಸ್ಟಿನಲ್ಲಿ ಮೇಷ್ಟ್ರು ಕೂಗಿದರು. “ಪಾಸಾಯ್ತು ಕಣವ್ವಾ! ಇನ್ನಾರು ತಿಂಗ್ಳು ಟೈಮ್ ಐತೆ. ಫ್ರಾನ್ಸೇ ಬೇಕು ಅನ್ನೋರು ಬರ್ದು ಕೊಡ್ಬೇಕು. ಸುಮ್ನಿದ್ದೋರು ನಮ್ಮೋರೇ.”

ನನಗೆ ಕುಣಿಯುವಷ್ಟು ಖುಷಿಯಾಯಿತು. ನಮ್ಮಲ್ಲಿ ನಿಕಾಹಿನ ದಿನ ಹುಡುಗಿಯನ್ನು ಒಪ್ಪಿಗೆಯೇ ಎಂದು ಕೇಳುತ್ತಾರೆ. ಅವಳು ತಲೆ ತಗ್ಗಿಸಿ ಸುಮ್ಮನಿದ್ದರೆ ಒಪ್ಪಿದಳೆಂದೇ ಲೆಕ್ಕ. ನಾನೂ ಹಾಗೇ ಒಪ್ಪಿದವಳು. ಇದ್ರೀಸ್ ಸುಮ್ಮನಿದ್ದಾನೆ ಅಂದರೆ ಬರುತ್ತಾನೆ. ಕೆಣಕಿದರೆ ಎಲ್ಲಿ ಬೇರೆ ಮಾತಾಡುತ್ತಾನೋ ಎಂದು ಒಂದು ಕಾರ್ಡೂ ಬರೆಸಲಿಲ್ಲ. ಅಮ್ಮ ತೀರಿದ ಮೇಲೆ ಮನೆಯಲ್ಲಿ ನಾನೊಬ್ಬಳೇ. ಅಂಚೆಯವನು ನಮ್ಮ ಬಾಗಿಲು ದಾಟಿ ಹೋದ ದಿನವೆಲ್ಲ ನನಗೆ ಹಬ್ಬ.

ಗಡುವು ಮುಗಿದ ಮರುದಿನ ಕಲ್ಲುಸಕ್ಕರೆ ಹಿಡಿದು ಮೇಷ್ಟ್ರ ಮನೆಗೆ ಹೋದೆ. “ಇನ್ನೇನು, ನಮ್ಮನೆಯೋರು ಬತ್ತಾರೆ,” ಎಂದೆ.

“ಒಳ್ಳೇದಾಯ್ತು ಬುಡವ್ವಾ. ಕಾರೈಕಾಲಿಂದ ಯಾವ್ ರೈಲ್ಗೆ?”

“ಕಾರೈಕಾಲಲ್ಲ, ಮಾರ್ಸೇಲಿಂದ. ಹಡಗ್ನಾಗೆ.”

ಮೇಷ್ಟ್ರು ಕಲ್ಲುಸಕ್ಕರೆಯನ್ನು ಕೆಳಗಿಟ್ಟರು. “ಅಯ್ಯೋ ಅಮೀರುನ್ನೀಸಾ! ನಾನ್ ಹೇಳಿದ್ದು ಊರಲ್ಲಿರೋರ್ಗೆ ಕಣವ್ವಾ. ಹೊರದೇಶ್ದಾಗೆ ಇರೋರು ಸುಮ್ನಿದ್ರೆ ಫ್ರಾನ್ಸ್‌ನೋರಾಗೇ ಉಳೀತಾರೆ. ನಮ್ಮೋರಾಗ್ಬೇಕು ಅಂದ್ರೆ ಬರ್ದು ಕೊಡ್ಬೇಕಿತ್ತು. ನೆನ್ನೆಗೆ ಮುಗ್ದೋಯ್ತಲ್ಲವ್ವಾ!”

ಮೇಷ್ಟ್ರ ಮೇಲೆ, ಪ್ಯಾರಿಸ್ಸಿನ ಮೇಲೆ, ಎಲ್ಲರ ಮೇಲೂ ಸಿಟ್ಟು ಉಕ್ಕಿತು. ಅದಕ್ಕಿಂತ ಜೋರಾಗಿ ಅಳು ಬಂತು. “ಮುಗಿದ್ರೆ ಮುಗೀಲಿ. ನೀವೊಂದು ಕಾಗ್ದ ಬರೀರಿ ಮೇಷ್ಟ್ರೇ. ಬತ್ತೀಯೋ ಇಲ್ವೋ ಅಂತ, ಅಷ್ಟೇ ಕೇಳಿ,” ಎಂದೆ.

ಮೇಷ್ಟ್ರು ಹಳೆಯ ವಿಳಾಸಕ್ಕೆ ಬರೆದರು. ರಂಜಾನ್ ಮುಗಿಯಿತು, ಬಕ್ರೀದೂ ಕಳೆಯಿತು, ಉತ್ತರ ಬರಲಿಲ್ಲ. ಈ ಸಲ ಅದರ ಅರ್ಥ ಕೇಳಲು ನಾನು ಮೇಷ್ಟ್ರ ಮನೆಗೆ ಹೋಗಲಿಲ್ಲ.